ಮಂಡಿಯಲ್ಲಿ ಕೇಳಿದ ಎರಡು 'ಇಲ್ಲ'

ಕೋಲಾರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ಹತ್ತನೇ ಕ್ಲಾಸಿಗೆ ರಿಪೋರ್ಟೆಡ್ ಸ್ಪೀಚ್ (ಒಬ್ಬರು ಆಡಿದ ಮಾತನ್ನು ನಮ್ಮ ಮಾತಲ್ಲಿ ತಿಳಿಸೋದು) ಬಂತು ಅಂದರೆ ಮಕ್ಕಳ ನೋಟ್ಸ್ ತುಂಬಾ ಒಂದೇ ಪದ, 'ಸೆಡ್', ಹೇಳಿದರು ಅಂತ. ಅಪ್ಪ ಬೈದರೂ ಸೆಡ್, ಅಜ್ಜಿ ಬೇಡಿಕೊಂಡರೂ ಸೆಡ್. ಇದೇ ಮಕ್ಕಳು ಕನ್ನಡದಲ್ಲಿ ಗದರಿದ್ರು, ಗೊಣಗಿದ್ಲು, ಹಟ ಹಿಡಿದ, ಚಾಡಿ ಹೇಳಿದ ಅಂತ ಎಷ್ಟು ಚೆನ್ನಾಗಿ ಹೇಳುತ್ತಾರೆ! ಅದಕ್ಕೇ ಈ ಸಲ ಪುಸ್ತಕದ ವಾಕ್ಯ ಬಿಟ್ಟೆ. "ನಿಮ್ಮ ಕಣ್ಣೆದುರಿಗೆ ನಡೆದ ಒಂದು ಜಗಳ ಬರ್ಕೊಂಡು ಬನ್ನಿ, ಸೆಡ್ ಮಾತ್ರ ಹಾಕಬೇಡಿ" ಅಂದೆ.

ಸೋಮವಾರ ಒಬ್ಬ ಹುಡುಗಿ ಟೊಮೆಟೊ ಮಂಡಿಯ ಜಗಳ ತಂದಿದ್ದಳು. ನಮ್ಮ ಕಡೆ ಎಷ್ಟೋ ಮನೆಗಳ ವರ್ಷದ ಲೆಕ್ಕ ಟೊಮೆಟೊ ಮೇಲೇ ನಿಂತಿದೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿದ್ದನ್ನೂ ನೋಡಿದ್ದೇವೆ, ಕೇಳುವವರಿಲ್ಲದೆ ರಸ್ತೆ ಬದಿಗೆ ಸುರಿದದ್ದನ್ನೂ ನೋಡಿದ್ದೇವೆ. ಅವಳ ಅಪ್ಪ ಹಾಕಿದ್ದು 40 ಬಾಕ್ಸು. ಚೀಟಿಯಲ್ಲಿ ಇದ್ದದ್ದು 37. ಮೂರು ಎಲ್ಲಿ ಹೋಯ್ತು ಅಂತ ಅಪ್ಪ ಕೇಳಿದ್ದಾರೆ. ಗುಮಾಸ್ತರು ಇಲ್ಲ ಅಂದಿದ್ದಾರೆ. ಆ ಸಾಲಿಗೆ ಅವಳು 'ದಿ ಕ್ಲರ್ಕ್ ರೆಫ್ಯೂಸ್ಡ್' ಅಂತ ಬರೆದಿದ್ದಳು.

"ಯಾವ ಇಲ್ಲ?" ಅಂತ ಕೇಳಿದೆ. "ತಗೊಂಡಿಲ್ಲ ಅಂದ್ರಾ, ದುಡ್ಡು ಕೊಡಲ್ಲ ಅಂದ್ರಾ?"

"ಎರಡೂ ಮಿಸ್. ಮೊದಲು ನಾವು ಇಳಿಸ್ಕೊಂಡಿದ್ದೇ 37 ಅಂದ್ರು. ಆಮೇಲೆ ಒಂದು ರೂಪಾಯಿ ಜಾಸ್ತಿ ಕೊಡಲ್ಲ ಅಂದ್ರು."

ಅವಳನ್ನು ತಪ್ಪು ಅನ್ನೋ ಹಾಗಿಲ್ಲ. ಅವಳ ಡಿಕ್ಷನರಿಯಲ್ಲಿ 'ಡಿನೈ'ಗೂ 'ರೆಫ್ಯೂಸ್'ಗೂ ಒಂದೇ ಅರ್ಥ, ನಿರಾಕರಿಸು. ಆದರೆ ತಗೊಂಡೇ ಇಲ್ಲ ಅನ್ನೋದು ಡಿನೈ: 'ಡಿನೈಡ್ ಟೇಕಿಂಗ್'. ಕೊಡಲ್ಲ ಅನ್ನೋದು ರೆಫ್ಯೂಸ್: 'ರೆಫ್ಯೂಸ್ಡ್ ಟು ಪೇ'. ಬೋರ್ಡಿನ ಮೇಲೆ ಎರಡನ್ನೂ ಅಕ್ಕಪಕ್ಕ ಬರೆದೆ. ಆಗಿಹೋದ ಕೆಲಸದ ಮಾತಾದರೆ ಸಾಮಾನ್ಯವಾಗಿ 'ಇಂಗ್', ಮುಂದೆ ಮಾಡುವುದರ ಮಾತಾದರೆ 'ಟು'. 'ಸಜೆಸ್ಟ್' (ಹೀಗೆ ಮಾಡೋಣ ಅಂತ ಸಲಹೆ ಕೊಡೋದು) ಈ ಲೆಕ್ಕಕ್ಕೆ ಬಗ್ಗಲ್ಲ. ಮುಂದಿನ ಮಾತಾದರೂ ಅದಕ್ಕೆ 'ಇಂಗ್' ಬೇಕು. ಅದನ್ನು ಸುಮ್ನೆ ನೆನಪಿಟ್ಟುಕೊಳ್ಳಬೇಕು ಅಷ್ಟೇ.

ಮುಂದಿನ ಸಾಲಿಗೆ ಇಡೀ ಕ್ಲಾಸೇ ಬಂತು. ಇನ್ನೊಂದು ಸಲ ಎಣಿಸಲೇಬೇಕು ಅಂತ ಅಪ್ಪ ಪಟ್ಟು ಹಿಡಿದರಂತೆ. "ಇನ್ಸಿಸ್ಟೆಡ್!" ಅಂತ ಹಿಂದಿನ ಬೆಂಚಿನಿಂದ ಕೂಗು. ಆ ಹುಡುಗ ಅದುವರೆಗೆ ನನ್ನ ಕ್ಲಾಸಲ್ಲಿ ಬಾಯಿ ಬಿಟ್ಟವನಲ್ಲ. ನನಗೆ ಎಷ್ಟು ಖುಷಿ ಆಯ್ತು ಅಂದರೆ, ಅವನ ಪದವನ್ನು ದೊಡ್ಡ ಅಕ್ಷರದಲ್ಲಿ ಬರೆದೆ. ಮೂರು ಬಾಕ್ಸು ಪಕ್ಕದ ರೈತರ ರಾಶಿಯಲ್ಲಿ ಸಿಕ್ಕಿದವು. ಗುಮಾಸ್ತರು ಒಪ್ಪಿಕೊಂಡರು.

ಇಲ್ಲೂ ಅದೇ ಕಥೆ. ತಪ್ಪನ್ನು ಒಪ್ಪಿಕೊಂಡರೆ 'ಅಡ್ಮಿಟೆಡ್', ದುಡ್ಡು ಕೊಡೋಕೆ ಒಪ್ಪಿಕೊಂಡರೆ 'ಅಗ್ರೀಡ್'. ಮೊದಲನೆಯದರಲ್ಲಿ ತಪ್ಪು ಹೊರಗೆ ಬರುತ್ತೆ. ಎರಡನೆಯದರಲ್ಲಿ ದುಡ್ಡು ಬರುತ್ತೆ, ತಪ್ಪು ಯಾರದು ಅನ್ನೋದು ಒಳಗೇ ಉಳಿಯುತ್ತೆ. ಹುಡುಗಿ ತುಂಬಾ ಹೊತ್ತು ಯೋಚಿಸಿ 'ಅಗ್ರೀಡ್ ಟು ಪೇ' ಬರೆದಳು. ಅಪ್ಪನ ಮಾತಿಗೆ ಅವಳು ಕೊಟ್ಟ ಮರ್ಯಾದೆ ಅದು ಅಂತ ನನಗನ್ನಿಸಿತು. ಅಲ್ಲಿ ನಡೆದದ್ದಕ್ಕಿಂತ ಒಂದು ಕಾಳು ಹೆಚ್ಚಿಲ್ಲ, ಕಡಿಮೆಯಿಲ್ಲ.

ಕೊನೆಯ ಸಾಲು 'ಅಪಾಲಜೈಸ್ಡ್' ಅಂತ ಇತ್ತು.

"ಅವರು ಅಪ್ಪನ ಹತ್ರ ಕ್ಷಮೆ ಕೇಳಿದ್ರಾ?"

ಅವಳು ಪೆನ್ನಿನ ಕ್ಯಾಪು ಕಚ್ಚಿಕೊಂಡು ನಿಂತಳು. "ಇಲ್ಲ ಮಿಸ್. ಹೋಗ್ಲಿ ಬಿಡಿ, ಸಿಕ್ತಲ್ಲಾ ಅಂದ್ರು."

ಅದಕ್ಕೆ ಯಾವ ಪದ? ಬೋರ್ಡಿನ ಮೇಲಿದ್ದ ಪಟ್ಟಿಯನ್ನೆಲ್ಲ ನೋಡಿದೆವು. ಒಂದೂ ಕೂಡಲಿಲ್ಲ. ಅವಳು 'ಅಪಾಲಜೈಸ್ಡ್' ಅನ್ನೋದಕ್ಕೆ ಅಡ್ಡಗೆರೆ ಎಳೆದು, ನನ್ನ ಮುಖ ನೋಡಿ, "ಸೆಡ್ ಹಾಕ್ಲಾ ಮಿಸ್?" ಅಂದಳು.

ಹಾಕು ಅಂದೆ.