ಹೋಳಿಗೂ ಯುಗಾದಿಗೂ ನಡುವೆ ಒಂದು ದಿನ

ಬೆಂಗಳೂರಿನಲ್ಲಿ ನಾನು ಕಲಬುರಗಿ ಕಡೆಯವಳು ಅಂದ ಕೂಡಲೇ ಎದುರಿಗಿದ್ದವರು ಬಿಸಿಲಿನ ಮಾತೇ ತೆಗೆಯುತ್ತಾರೆ. 'ಅಯ್ಯೋ, ಅಲ್ಲಿ ಹೇಗೆ ಇರ್ತೀರಿ' ಅಂತ ಕೇಳುತ್ತಾರೆ. ಬಿಸಿಲು ಸುಳ್ಳಲ್ಲ. ಏಪ್ರಿಲ್ ಬಂದರೆ 40 ಡಿಗ್ರಿ ದಾಟುತ್ತದೆ, ಮೇ ತಿಂಗಳಲ್ಲಿ ಇನ್ನೂ ಏರುತ್ತದೆ. ಆದರೆ ಚಳಿ ಮುಗಿದ ಮರುದಿನವೇ ಬೇಸಿಗೆ, ನಡುವೆ ಏನೂ ಇಲ್ಲ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಹೋಳಿ ಹುಣ್ಣಿಮೆಯಿಂದ ಯುಗಾದಿ ಅಮಾವಾಸ್ಯೆಗೆ 15 ದಿನ. ಆ 15 ದಿನ ನಮ್ಮ ವಸಂತ. ಅದೂ ದಿನವಿಡೀ ಸಿಗುವುದಿಲ್ಲ. ಬೆಳಗ್ಗೆ ಹತ್ತರೊಳಗೆ, ಸಂಜೆ ಐದರ ಮೇಲೆ. ಆ ಹೊತ್ತಿನಲ್ಲಿ ಮನೆಯಿಂದ ಹೊರಗಿದ್ದವರಿಗೇ ಅದು ಕಾಣುವುದು.

ಈ ಸಲ ಮಗಳ ಪರೀಕ್ಷೆ ಬೇಗ ಮುಗಿದಿತ್ತು. ಅವಳಿಗೀಗ ಒಂಬತ್ತು. ಇಷ್ಟು ವರ್ಷ ಮೇ ರಜೆಗೇ ಹೋಗುತ್ತಿದ್ದೆವು, ಹಾಗಾಗಿ ಅವಳೂ ನಮ್ಮೂರನ್ನು ಬರೀ ಸುಡುವ ಊರು ಅಂತಲೇ ತಿಳಿದಿದ್ದಳು. ಅದು ನನಗೆ ನೋವಾಗುತ್ತಿತ್ತು. ಹೋಳಿ ಮುಗಿದು ಹತ್ತು ದಿನಕ್ಕೆ ಇಬ್ಬರೂ ರೈಲು ಹತ್ತಿದೆವು.

ತವರು ಸೇಡಂ ತಾಲ್ಲೂಕಿನ ಒಂದು ಹಳ್ಳಿ. ಕಾಗಿಣಾ ನದಿ ಊರಿಂದ ಎರಡು ಕಿಲೋಮೀಟರ್. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವೂ ಇದೇ ಹೊಳೆಯ ದಂಡೆಯ ಮೇಲಿದೆ. ನಮ್ಮ ಕಡೆ ನೆಲ ಅಗೆದರೆ ಕಲ್ಲು ಪದರ ಪದರವಾಗಿ ಏಳುತ್ತದೆ. ಹೊರಗಿನವರು ಶಹಾಬಾದ್ ಕಲ್ಲು ಅನ್ನುತ್ತಾರೆ, ನಾವು ಫರಸಿ ಅನ್ನುತ್ತೇವೆ. ಮನೆಯ ಗೋಡೆ, ನೆಲ, ಮಾಳಿಗೆ, ಹೊಲದ ಬಾವಿಯ ಮೆಟ್ಟಿಲು ಎಲ್ಲವೂ ಅದರದ್ದೇ.

ಮರುದಿನ ಬೆಳಗ್ಗೆ ಐದೂವರೆಗೆ ಅಪ್ಪ ಮೊಮ್ಮಗಳನ್ನು ಎಬ್ಬಿಸಿದರು. ಅವಳು ಇನ್ನೊಂದು ಸ್ವಲ್ಪ ಹೊತ್ತು ಅಂತ ಮಗ್ಗುಲು ಬದಲಿಸಿದಳು. 'ಹೊತ್ತು ಏರಿದ ಮ್ಯಾಲ ಹೊಲದಾಗ ಏನೂ ಕಾಣಂಗಿಲ್ಲವ್ವ, ಈಗೇ ನಡಿ' ಅಂದರು. ಅವ್ವ ಬುತ್ತಿ ಕಟ್ಟಿಟ್ಟಿದ್ದಳು. ಮೂವರೂ ಹೊರಟೆವು. ಗಾಳಿಯಲ್ಲಿ ಇನ್ನೂ ತಂಪಿತ್ತು. ಬೇವಿನ ಗಿಡಗಳೆಲ್ಲ ಕೆಂಪಗೆ ಚಿಗುರಿದ್ದವು, ಕೆಲವು ಆಗಲೇ ಹೂವು ಬಿಟ್ಟಿದ್ದವು.

ಹಳ್ಳ ದಾಟುವಲ್ಲಿ ಮುತ್ತಲ ಗಿಡಗಳು ಐದಾರು ಇವೆ. ಪುಸ್ತಕದಲ್ಲಿ ಮುತ್ತುಗ ಅಂತ ಬರೆಯುತ್ತಾರಲ್ವಾ, ಅದೇ. ವರ್ಷವಿಡೀ ಅವುಗಳ ಕಡೆ ಯಾರೂ ನೋಡುವುದಿಲ್ಲ, ಊಟಕ್ಕೆ ಪತ್ರೋಳಿ ಹಚ್ಚಲು ಎಲೆ ಬೇಕಾದಾಗ ಮಾತ್ರ ನೆನಪು. ಈಗ ಎಲೆ ಒಂದೂ ಇರಲಿಲ್ಲ. ಟೊಂಗೆಯ ತುದಿಯಿಂದ ಬುಡದವರೆಗೆ ಕಿತ್ತಳೆ ಕೆಂಪಿನ ಹೂವು. ಗಿಳಿಯ ಕೊಕ್ಕಿನ ಹಾಗೆ ಬಾಗಿದ ಎಸಳು, ಅದನ್ನು ಹಿಡಿದಿರುವ ತೊಟ್ಟು ಕಪ್ಪು ಮಖಮಲ್ಲಿನ ಹಾಗೆ ಮೆತ್ತಗೆ. ಕೆಳಗೆ ಬಿದ್ದ ಹೂವಿನಿಂದ ಕರಿ ಮಣ್ಣೇ ಮುಚ್ಚಿಹೋಗಿತ್ತು. ನಾವು ಸಣ್ಣವರಿದ್ದಾಗ ಇದನ್ನೇ ಬುಟ್ಟಿ ತುಂಬಿ ತಂದು ಹಂಡೆಯಲ್ಲಿ ಕುದಿಸಿ, ರಾತ್ರಿಯೆಲ್ಲ ಬಿಟ್ಟು, ಬೆಳಗ್ಗೆ ಸೋಸಿ ಓಕುಳಿ ಆಡುತ್ತಿದ್ದೆವು. ಬಿಳಿ ಅಂಗಿಯ ಮೇಲೆ ಬಿದ್ದರೆ ಚಂದದ ಹಳದಿ ಬಣ್ಣ. ಈಗ ಅಂಗಡಿಯ ಪುಡಿ ಬಂದಿದೆ. ಮಗಳು ಉಡಿ ತುಂಬ ಹೂವು ಆರಿಸಿಕೊಂಡಳು. ಹೋಳಿ ಮುಗೀತಲ್ಲ ಅಂದೆ. 'ಇರಲಿ ಅಮ್ಮ, ಬಣ್ಣ ಬರುತ್ತಾ ನೋಡೋಣ' ಅಂದಳು.

ಆ ಗಿಡಗಳ ಮೇಲೆ ಹಕ್ಕಿಗಳ ಗದ್ದಲವೋ ಗದ್ದಲ. ತಲೆ, ರೆಕ್ಕೆ ಕಪ್ಪು, ಬೆನ್ನು ಹೊಟ್ಟೆ ನಸುಗೆಂಪು. ಗುಲಾಬಿ ಕಬ್ಬಕ್ಕಿ. ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲಕ್ಕೆ ನಮ್ಮ ಜೋಳದ ಸೀಮೆಗೆ ಬಂದು ಏಪ್ರಿಲ್ ಹೊತ್ತಿಗೆ ತಿರುಗಿ ಹೋಗುತ್ತವೆ. ಅಪ್ಪನಿಗೆ ಅವು ಎಲ್ಲಿಂದ ಬಂದವು ಅನ್ನುವುದು ಮುಖ್ಯವಲ್ಲ, ಹೊಲಕ್ಕೆ ಇಳಿದರೆ ತೆನೆ ಖಾಲಿ ಅನ್ನುವುದು ಮುಖ್ಯ. ಹಿಂಗಾರಿ ಜೋಳ ಬಹುತೇಕ ಕೊಯ್ದು ಆಗಿತ್ತು, ತಡವಾಗಿ ಬಿತ್ತಿದ ಎರಡು ಎಕರೆ ಮಾಲದಂಡಿ ಮಾತ್ರ ಇನ್ನೂ ನಿಂತಿತ್ತು. ಸುತ್ತಲಿನ ಹೊಲ ಬರಿದಾಗಿದ್ದರಿಂದ ಹಿಂಡೆಲ್ಲ ಅಲ್ಲಿಗೇ ಬರುತ್ತಿತ್ತು.

ಹೊಲದ ನಡುವೆ ಕಟ್ಟಿಗೆಯ ಅಟ್ಟಣೆ. ಅಪ್ಪ ಅದರ ಮೇಲೆ ಹತ್ತಿ ಸೊಂಟದಿಂದ ಕವಣೆ ತೆಗೆದರು. ಪುಂಡಿ ನಾರಿನಲ್ಲಿ ಹೆಣೆದದ್ದು. ಒಂದು ತುದಿಯ ಕುಣಿಕೆ ಬೆರಳಿಗೆ, ಇನ್ನೊಂದು ತುದಿ ಅದೇ ಮುಷ್ಟಿಯಲ್ಲಿ, ನಡುವಿನ ತೊಟ್ಟಿಲಲ್ಲಿ ಒಂದು ಹೆಂಟೆ. ಎರೆಹೊಲದಲ್ಲಿ ಕಲ್ಲು ಎಲ್ಲಿ ಸಿಗಬೇಕು, ಒಣಗಿದ ಮಣ್ಣಿನ ಹೆಂಟೆಯೇ ಗುಂಡು. ತಲೆಯ ಮೇಲೆ ಎರಡು ಸುತ್ತು ತಿರುಗಿಸಿ ಒಂದು ತುದಿ ಬಿಟ್ಟರೆ ಚಟ್ ಅಂತ ಸಪ್ಪಳ. ಹೆಂಟೆ ಹೋಗಿ ಹೊಲದ ಆ ತುದಿಯಲ್ಲಿ ಬಿತ್ತು. ಸಾವಿರಾರು ಹಕ್ಕಿಗಳು ಒಂದೇ ಸಲ ಎದ್ದವು. ಒಂದು ಕಡೆ ತಿರುಗಿದರೆ ಕಪ್ಪು, ಇನ್ನೊಂದು ಕಡೆ ಹೊರಳಿದರೆ ಬಿಸಿಲಿಗೆ ನಸುಗೆಂಪು. ಆಕಾಶದಲ್ಲಿ ಯಾರೋ ಸೀರೆ ಜಾಡಿಸಿದ ಹಾಗೆ ಕಾಣಿಸಿತು. ಮಗಳು ಬಾಯಿ ತೆರೆದು ನಿಂತುಬಿಟ್ಟಳು. ಹಕ್ಕಿಗೆ ಹೊಡೆಯಬಾರದು, ಹಕ್ಕಿ ಇರುವ ಕಡೆ ಹೊಡೆಯಬೇಕು ಅಂತ ಅಪ್ಪ ಅವಳಿಗೆ ಮತ್ತೆ ಮತ್ತೆ ಹೇಳಿದರು. ಅವಳು ತಾನೂ ಬೀಸುತ್ತೇನೆ ಅಂದಳು. ಕವಣೆ ಅವಳ ಕೈಗೆ ಉದ್ದವಾಗಿತ್ತು, ತಿರುಗಿಸಿದರೆ ನೆಲಕ್ಕೆ ಬಡಿಯುತ್ತಿತ್ತು. ನಾಲ್ಕು ಸಲ ನೋಡಿ ಸಪ್ಪಗಾಗಿ ಕೂತಳು. 'ನಿನ್ನ ಅಳತಿದು ಬ್ಯಾರೆ ಮಾಡಬೇಕು' ಅಂತ ಅಪ್ಪ ಸುಮ್ನೆ ಅದನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಎಂಟರ ಹೊತ್ತಿಗೆ ಬಾವಿಗೆ ಹೋದೆವು.

ಈ ಬಾವಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಚೌಕಾಕಾರದ ತೆರೆದ ಬಾವಿ, ಒಂದು ಬದಿಗೆ ಮೆಟ್ಟಿಲು. ನನಗೂ ಒಂಬತ್ತು ಇದ್ದಾಗ ಅಪ್ಪ ಬೆನ್ನಿಗೆ ಎರಡು ಒಣಗಿದ ಸೋರೆ ಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಹಾಕಿ ಇದರಲ್ಲೇ ಇಳಿಸಿದ್ದರು. ಆಗ ಊರಲ್ಲಿ ಈಜುವವರು ಗಂಡುಹುಡುಗರೇ. ಹೆಣ್ಣುಹುಡುಗಿಗೆ ಈಜು ಯಾಕೆ ಅಂತ ಓಣಿಯಲ್ಲಿ ಮಾತು ಬಂತು. ಅಪ್ಪ ಹೇಳಿದ್ದು ಇಷ್ಟೇ. 'ಬಾವಿಗಿ ನೀರು ತರ್ಲಾಕ ಹೋಗೋರು ಯಾರು? ಹೆಣ್ಮಕ್ಕಳು. ಕಾಲು ಜಾರಿದರ ಬೀಳೋರು ಅವರೇ. ಅಂದಮ್ಯಾಗ ಮೊದಲು ಅವರಿಗೇ ಬರಬೇಕು.' ಆ ಮಾತಿಗೆ ಯಾರೂ ತಿರುಗಿ ಹೇಳಲಿಲ್ಲ. ಮುಂದಿನ ವರ್ಷ ಓಣಿಯ ಇನ್ನೂ ಮೂವರು ಹುಡುಗಿಯರು ಬಂದರು. ಈಗ ಬೋರ್‌ವೆಲ್ ಬಂದು ಸುತ್ತಲಿನ ಬಾವಿಗಳು ಒಂದೊಂದಾಗಿ ಬತ್ತಿದವು, ಕೆಲವಕ್ಕೆ ಮಣ್ಣು ತುಂಬಿದರು. ನಮ್ಮದು ಹಳ್ಳದ ಪಕ್ಕದಲ್ಲಿರುವುದರಿಂದ ಉಳಿದಿದೆ. ಇದನ್ನೂ ಮುಚ್ಚಿದರೆ ಇನ್ನೆರಡು ಸಾಲು ತೊಗರಿ ಹೆಚ್ಚಿಗೆ ಬರುತ್ತದೆ ಅಂತ ತಮ್ಮ ಆಗಾಗ ಹೇಳುತ್ತಾನೆ. ಅಪ್ಪ ಕೇಳಿಸಿಕೊಂಡು ಎದ್ದು ಹೋಗುತ್ತಾರೆ.

ಮಗಳಿಗೆ ಈಜು ಬರುತ್ತದೆ. ಬೆಂಗಳೂರಿನ ಈಜುಕೊಳದಲ್ಲಿ ಎರಡು ಬೇಸಿಗೆ ಕಲಿತಿದ್ದಾಳೆ. ಅಲ್ಲಿ ನೀಲಿ ನೀರು, ತಳದ ಗೆರೆ ಕೂಡ ಕಾಣಿಸುತ್ತದೆ. ಇಲ್ಲಿ ಮೆಟ್ಟಿಲ ಮೇಲೆ ನಿಂತು ಬಗ್ಗಿ ನೋಡಿದಳು. ಹಸಿರು ನೀರು, ಕೆಳಗೆ ಬರೀ ಕತ್ತಲೆ.

'ಎಷ್ಟು ಆಳ ಇದೆ ಮುತ್ಯಾ?'

'ಈಗ ಎರಡಾಳು ನೀರು ಅದ.'

ಅವಳು ಎರಡು ಮೆಟ್ಟಿಲು ಹಿಂದಕ್ಕೆ ಬಂದಳು. ನಾನು ಧೈರ್ಯ ಹೇಳಲು ಹೋದೆ. ಸುಮ್ಮನಿರು ಅಂತ ಅಪ್ಪ ಕೈ ಸನ್ನೆ ಮಾಡಿದರು. ಅವಳ ಪಕ್ಕದಲ್ಲಿ ಕೂತು ಕಾಲು ನೀರಲ್ಲಿ ಬಿಟ್ಟರು. ಅವಳೂ ಕೂತಳು. ಸಣ್ಣ ಮೀನುಗಳು ಬಂದು ಬೆರಳು ಕಚ್ಚತೊಡಗಿದವು. ಹತ್ತು ಹದಿನೈದು ನಿಮಿಷ ಹಾಗೇ ಕಳೆಯಿತು, ಇಬ್ಬರೂ ಒಂದು ಮಾತಾಡಲಿಲ್ಲ. ಆಮೇಲೆ ಅಪ್ಪ ಎದ್ದರು. ಅಂಗಿ ಕಳಚಿದರು, ಧೋತರದ ಕಚ್ಚೆ ಬಿಗಿದರು, ಮೇಲಿನ ಕಟ್ಟೆಗೆ ಹೋಗಿ ಧುಮುಕಿಬಿಟ್ಟರು. ಅವರಿಗೆ 68 ವರ್ಷ. ನೀರು ಮೇಲಿನವರೆಗೆ ಚಿಮ್ಮಿತು. ಕಲ್ಲಿನ ಸಂದುಗಳಲ್ಲಿ ಗೂಡು ಕಟ್ಟಿದ್ದ ಪಾರಿವಾಳಗಳು ಬರ್ರನೆ ಹಾರಿದವು. ನೀರು ಮುಚ್ಚಿಕೊಂಡಿತು. ಎಷ್ಟು ಹೊತ್ತಾದರೂ ಅಪ್ಪ ಮೇಲೆ ಬರಲಿಲ್ಲ ಅನ್ನಿಸಿತು ನನಗೆ. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದಳು. ಆಚೆ ಗೋಡೆಯ ಹತ್ತಿರ ತಲೆ ಎದ್ದಿತು, ಮುಷ್ಟಿಯಲ್ಲಿ ತಳದ ಕರಿ ಮಣ್ಣು. 'ನೋಡು, ತಳ ಅದ' ಅಂತ ಅವಳಿಗೆ ತೋರಿಸಿದರು.

ತಳ ಇದೆ ಅಂತ ಗೊತ್ತಾದದ್ದೇ ಸಾಕಾಯಿತೇನೋ. ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಅದರ ತುದಿ ನನ್ನ ಕೈಗೆ ಕೊಟ್ಟು, ಮೆಟ್ಟಿಲಿಂದ ಮೆಲ್ಲಗೆ ಇಳಿದಳು. 'ಮೇಲೆ ಬೆಚ್ಚಗಿದೆ, ಕಾಲ ಹತ್ತಿರ ಐಸ್ ಇದ್ದ ಹಾಗಿದೆ' ಅಂತ ಕೂಗಿದಳು. ಹೌದು, ಬಾವಿಯ ನೀರು ಹಾಗೇ. ಮೇಲಿನ ಒಂದು ಮೊಳ ಬಿಸಿಲು ಕುಡಿದಿರುತ್ತದೆ, ಕೆಳಗೆ ಇನ್ನೂ ಚಳಿಗಾಲ ಇರುತ್ತದೆ. ಎರಡು ಸುತ್ತು ಹೊಡೆದ ಮೇಲೆ ಹಗ್ಗ ಬಿಚ್ಚು ಅಂದಳು. ನಾನು ಅಪ್ಪನ ಮುಖ ನೋಡಿದೆ. ಅವರು ತಲೆಯಾಡಿಸಿದರು. ಬಿಚ್ಚಿದೆ. ಹಗ್ಗ ಬಿಟ್ಟ ಕೈ ನಡುಗುತ್ತಿತ್ತು. ಆಮೇಲೆ ನಾನೂ ಸೀರೆಯ ಕಚ್ಚೆ ಹಾಕಿ ಇಳಿದೆ. ಎಷ್ಟೋ ವರ್ಷವಾಗಿತ್ತು. ಮೂವರೂ ಆ ನಾಲ್ಕು ಗೋಡೆಯ ನಡುವೆ ಸುತ್ತುತ್ತಾ, ಕೂಗಿದರೆ ಕಲ್ಲು ತಿರುಗಿ ಕೂಗುವುದನ್ನು ಕೇಳುತ್ತಾ ಇದ್ದೆವು. ಇನ್ನೇನು ಬೇಕು ಅನ್ನಿಸಿತು ಖರೇ ಹೇಳಬೇಕಂದರೆ.

ಹಸಿವು ಹೇಳತೀರದು. ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ, ಗಟ್ಟಿ ಮೊಸರು, ಗುದ್ದಿದ ಉಳ್ಳಾಗಡ್ಡಿ. ಬೆಂಗಳೂರಲ್ಲಿ ಅರ್ಧ ರೊಟ್ಟಿಗೆ ಮುಖ ತಿರುಗಿಸುವವಳು ಎರಡು ಮುಗಿಸಿದಳು.

ಹತ್ತೂವರೆಗೆ ಬಿಸಿಲು ಚುರುಕಾಯಿತು, ಮನೆ ಸೇರಿದೆವು. ಮಧ್ಯಾಹ್ನ ಎಲ್ಲರೂ ಒಳಗೆ. ಅವ್ವ ಹೊಸ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ಅದರಲ್ಲೇ ಸ್ವಲ್ಪ ತೆಗೆದು ಬೆಲ್ಲ, ಜೀರಿಗೆ, ಉಪ್ಪು, ಖಾರ ಹಾಕಿ ಕುಟ್ಟಿ ಕಡ್ಡಿಗೆ ಸಿಕ್ಕಿಸಿ ಮೊಮ್ಮಗಳಿಗೆ ಚಿಗಳಿ ಮಾಡಿಕೊಟ್ಟಳು. ಯುಗಾದಿಗೆ ಇನ್ನು ಐದು ದಿನ ಇತ್ತು. ನಮ್ಮಲ್ಲಿ ಅವತ್ತು ಹೊಸ ಗಡಿಗೆಯಲ್ಲಿ ಬೇವು ಮಾಡುತ್ತಾರೆ. ಬೇವಿನ ಹೂವು, ಹುಣಸೆ ರಸ, ಬೆಲ್ಲ, ಮಾವಿನಕಾಯಿ, ಪುಠಾಣಿ, ಕೊಬ್ಬರಿ ಎಲ್ಲ ಕಲಸಿ ಬಟ್ಟಲು ಬಟ್ಟಲು ಕುಡಿಯುವುದು. ಅದಕ್ಕಂತ ಆಗಲೇ ಗಿಡದ ಕೆಳಗೆ ಹಳೇ ಧೋತರ ಹಾಸಿ ಹೂವು ಉದುರಿಸಿಕೊಂಡಿದ್ದಳು.

ಸಂಜೆ ಹನುಮಂತ ದೇವರ ಗುಡಿಯ ಮುಂದಿನ ಬಯಲಿನಲ್ಲಿ ಹುಡುಗರು ಚಿಣಿಪಣಿ, ಅಂದರೆ ಚಿನ್ನಿದಾಂಡು, ಆಡುತ್ತಿದ್ದರು. ಮಗಳನ್ನೂ ಸೇರಿಸಿಕೊಂಡರು. ಮೊದಲ ಏಟು ಗಾಳಿಗೆ, ಎರಡನೆಯದೂ ಗಾಳಿಗೆ. ಒಬ್ಬ ಸಣ್ಣ ಹುಡುಗ ಬಂದು, 'ಅಕ್ಕಾ, ಚಿಣಿ ಮ್ಯಾಲ ಎದ್ದಾಗ ಹೊಡಿಬ್ಯಾಡ, ಕೆಳಗ ಇಳಿಯುವಾಗ ಹೊಡಿ' ಅಂತ ಹೇಳಿಕೊಟ್ಟ. ಮೂರನೆಯದು ಹೋಗಿ ಗುಡಿಯ ಕಟ್ಟೆ ದಾಟಿತು. ಕತ್ತಲಾಗಿ ಚಿಣಿ ಕಾಣದ ತನಕ ಆಡಿದರು.

ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ. ಫರಸಿ ಹಗಲೆಲ್ಲ ಕಾದಿರುತ್ತದೆ, ನಾಲ್ಕು ಕೊಡ ನೀರು ಚೆಲ್ಲಿದ ಮೇಲೆ ತಣ್ಣಗಾಯಿತು. ಅಮಾವಾಸ್ಯೆ ಹತ್ತಿರ ಬಂದಿದ್ದರಿಂದ ಚಂದ್ರ ಇರಲಿಲ್ಲ. ಆಕಾಶದ ತುಂಬ ಚುಕ್ಕಿ. ಈಶಾನ್ಯಕ್ಕೆ ಸಪ್ತರ್ಷಿ ಮಂಡಲ ಏಳುತ್ತಿತ್ತು. ಬೇವಿನ ಹೂವಿನ ವಾಸನೆ ಹಗಲಿಗಿಂತ ಜಾಸ್ತಿ ಬರುತ್ತಿತ್ತು. ಮಗಳು ಮುತ್ತಲ ಹೂವನ್ನು ತಂಬಿಗೆಯಲ್ಲಿ ನೆನೆಹಾಕಿ ತಲೆಯ ಹತ್ತಿರ ಇಟ್ಟುಕೊಂಡಿದ್ದಳು. ಎರಡು ಸಲ ಎದ್ದು ಬೆರಳು ಅದ್ದಿ ನೋಡಿದಳು. ಮೂರನೇ ಸಲಕ್ಕೆ ಮೊದಲೇ ನಿದ್ದೆ ಬಂತು.

ಬೆಳಗಿನ ಜಾವ ನನಗೆ ಎಚ್ಚರವಾದಾಗ ಪೂರ್ವಕ್ಕೆ ತೆಳ್ಳಗಿನ ಚಂದ್ರ ಎದ್ದಿತ್ತು. ಪಕ್ಕದ ಹಾಸಿಗೆ ಖಾಲಿ. ಕೆಳಗೆ ಬಗ್ಗಿ ನೋಡಿದೆ. ಅಂಗಳದಲ್ಲಿ ಲೈಟ್ ಹಾಕಿಕೊಂಡು ಅಪ್ಪ ಪುಂಡಿ ನಾರು ಹೊಸೆಯುತ್ತಿದ್ದರು. ಮಗಳು ಎದುರಿಗೆ ಕೂತು ನಾರಿನ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದು ಹಿಡಿದಿದ್ದಳು.