ಇಸ್ತಾಂಬುಲ್‌ನಲ್ಲಿ ಬೆಳಗಿನ ತಿಂಡಿ: ಖಾಲಿ ಹೊಟ್ಟೆಯಲ್ಲೇ ಹೋಗಿ

ಇಸ್ತಾಂಬುಲ್‌ಗೆ ಹೊರಟಿರುವ ಸಸ್ಯಾಹಾರಿಗಳಿಗೆ ಮೊದಲೇ ಹೇಳಿಬಿಡುತ್ತೇನೆ. ಎಲ್ಲಿ ನೋಡಿದರೂ ಕಬಾಬ್ ಇರುವ ಆ ಊರಲ್ಲಿ ನಮಗೆ ನೆಮ್ಮದಿಯಾಗಿ ಹೊಟ್ಟೆ ತುಂಬುವುದು ಬೆಳಗಿನ ತಿಂಡಿಯಲ್ಲೇ. ಅದನ್ನು ಹೋಟೆಲಿನ ಬಫೆಯಲ್ಲಿ ಮುಗಿಸಬೇಡಿ. ಬೆಶಿಕ್ತಾಶ್ ಅನ್ನೋ ಬಡಾವಣೆಗೆ ಹೋಗಿ.

ಹಳೇ ಊರಿನ ಸುಲ್ತಾನಹ್ಮೆತ್‌ನಿಂದ ಟಿ1 ಟ್ರಾಮ್ ಹಿಡಿದು ಕೊನೆಯ ಸ್ಟಾಪ್ ಕಬತಾಶ್‌ನಲ್ಲಿ ಇಳಿಯಿರಿ, ಅಲ್ಲಿಂದ ದೊಲ್ಮಾಬಾಹ್ಚೆ ಅರಮನೆಯ ಮುಂದೆ ನಡೆದರೆ ಅರ್ಧ ಗಂಟೆಯೊಳಗೆ ಬೆಶಿಕ್ತಾಶ್. ಮಾರ್ಕೆಟ್ ಮಧ್ಯೆ ಹದ್ದಿನ ಪ್ರತಿಮೆ ಇದೆ. ಅದರ ಹತ್ತಿರದ ಓಣಿಯಲ್ಲಿ ಸಾಲಾಗಿ ಬರೀ ತಿಂಡಿ ಅಂಗಡಿಗಳು.

ನಾವು ಮಾಡಿದ ತಪ್ಪು, ಭಾನುವಾರ 11 ಗಂಟೆಗೆ ಹೋಗಿದ್ದು. ಊರಿನವರೆಲ್ಲ ಅಲ್ಲೇ! ಫುಟ್‌ಪಾತ್ ಮೇಲೆ ಮುಕ್ಕಾಲು ಗಂಟೆ ನಿಂತೆವು, ನಮ್ಮ ನಂತರ ಬಂದ ಇಬ್ಬರನ್ನು ಅಂಗಡಿಯವನು ಮೊದಲು ಕೂರಿಸಿದ, ಅಮ್ಮನಿಗೆ ಸಿಟ್ಟು ಬಂತು. ವಾರದ ದಿನ ಹೋಗಿ, ಇಲ್ಲವೇ 9ಕ್ಕೆ ಮೊದಲು.

ಎರಡನೇ ತಪ್ಪು, ಮೂವರಿಗೂ 'ಸೆರ್ಪ್ಮೆ' ಹೇಳಿದ್ದು. ಸೆರ್ಪ್ಮೆ ಅಂದರೆ ಹರಡಿಟ್ಟ ತಿಂಡಿ, ದುಡ್ಡು ತಲೆಗೆ ಇಷ್ಟು ಅಂತ. ಸಣ್ಣ ಸಣ್ಣ ತಟ್ಟೆಗಳಲ್ಲಿ ಆಲಿವ್, ನಾಲ್ಕು ತರದ ಚೀಸ್, ಟೊಮೆಟೊ, ಸೌತೆಕಾಯಿ, ಜಾಮ್, ಬುಟ್ಟಿ ತುಂಬ ಬ್ರೆಡ್ ಬಂತು. ಟೇಬಲ್ ಮೇಲೆ ಫೋನ್ ಇಡಲೂ ಜಾಗ ಇರಲಿಲ್ಲ, ಅರ್ಧ ಹಾಗೇ ಉಳಿಯಿತು. ಮೂವರಿದ್ದರೆ ಇಬ್ಬರಿಗೆ ಕೊಡ್ತೀರಾ ಅಂತ ಕೇಳಿ ನೋಡಿ, ಒಪ್ಪದಿದ್ದರೆ ಬಿಡಿಬಿಡಿಯಾಗಿ ತಗೊಳ್ಳಿ.

ಬಿಡಿಯಾಗಿ ತಗೊಳ್ಳುವುದಾದರೆ ಬಾಲ್ ಕಾಯ್ಮಾಕ್ ಮಾತ್ರ ಬಿಡಬೇಡಿ. ಗಟ್ಟಿ ಕೆನೆ, ಮೇಲೆ ಜೇನು. ಎಮ್ಮೆ ಹಾಲಿನ ಕೆನೆಯನ್ನು ಕದ್ದು ತಿಂದು ಬೆಳೆದವರಿಗೆ ಇದರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಪಿಶಿ ಅಂತ ಕರಿದ ಹಿಟ್ಟಿನದೊಂದು ಇದೆ, ಬಾಳೆಹಣ್ಣಿಲ್ಲದ ಮಂಗಳೂರು ಬನ್ಸ್ ಅಂದುಕೊಳ್ಳಿ. ಅಮ್ಮ ಮೂರು ತಿಂದರು. ಮೊಟ್ಟೆ ತಿನ್ನುವವರಿಗೆ ಮೆನೆಮೆನ್: ಟೊಮೆಟೊ, ಮೆಣಸಿನಕಾಯಿ ಹಾಕಿ ಮೆತ್ತಗೆ ಬೇಯಿಸಿದ ಮೊಟ್ಟೆ, ಬಾಣಲೆಯಲ್ಲೇ ತಂದಿಡುತ್ತಾರೆ. ಅದಕ್ಕೆ ಈರುಳ್ಳಿ ಹಾಕಬೇಕೋ ಬೇಡವೋ ಅಂತ ಆ ದೇಶದಲ್ಲಿ ದೊಡ್ಡ ಜಗಳ. 2018ರಲ್ಲಿ ಟ್ವಿಟರ್‌ನಲ್ಲಿ ಮತ ಕೇಳಿದಾಗ 4 ಲಕ್ಷಕ್ಕೂ ಜಾಸ್ತಿ ಜನ ಹಾಕಿದರಂತೆ, ಈರುಳ್ಳಿ ಕೂದಲೆಳೆಯಲ್ಲಿ ಗೆದ್ದಿತು!

ಒಂದು ಎಚ್ಚರಿಕೆ. 'ಸುಜುಕ್' ಅಂತ ಕಂಡರೆ ಅದು ಸಾಮಾನ್ಯವಾಗಿ ದನದ ಮಾಂಸದ್ದು, ಮೊಟ್ಟೆಯ ಜೊತೆಗೂ ಹಾಕುತ್ತಾರೆ. ಆರ್ಡರ್ ಕೊಡುವಾಗಲೇ 'ಎತ್ ಯೆಮಿಯೊರುಮ್', ಅಂದರೆ ಮಾಂಸ ತಿನ್ನಲ್ಲ ಅಂತ ಹೇಳಿಬಿಡಿ.

ಇನ್ನು ಚಹಾ. ಸಣ್ಣ ಗಾಜಿನ ಲೋಟ, ಹಾಲಿಲ್ಲ. ನಾವು ಕೂತಲ್ಲಿ ತಿಂಡಿಯ ಜೊತೆ ಎಷ್ಟು ಬೇಕಾದರೂ ಕೊಡುತ್ತಿದ್ದರು, ಲೋಟ ಖಾಲಿಯಾದ ತಕ್ಷಣ ಮತ್ತೆ ತುಂಬುತ್ತಿದ್ದರು. ಬೇಡ ಅನ್ನಲು ಸಂಕೋಚಪಟ್ಟು ಅಮ್ಮ ಆರು ಲೋಟ ಕುಡಿದರು. ಕೊನೆಗೆ ಪಕ್ಕದ ಟೇಬಲ್‌ನ ಅಜ್ಜಿ ನಗುತ್ತಾ ಕೈ ಚಾಚಿ, ಅಮ್ಮನ ಚಮಚವನ್ನು ಲೋಟದ ಬಾಯಿ ಮೇಲೆ ಅಡ್ಡ ಇಟ್ಟರು. ಸಾಕು ಅನ್ನೋದಕ್ಕೆ ಅಲ್ಲಿ ಅದೇ ಗುರುತು. ಆಮೇಲೆ ಯಾರೂ ಚಹಾ ತರಲಿಲ್ಲ.