ಕನಸಿನಲ್ಲಿ ಬಂದವರು ನಮ್ಮವರೇ?

ಮನಃಶಾಸ್ತ್ರ ಪಾಠ ಮಾಡುವವಳು ಎಂದು ಗೊತ್ತಾದ ಕೂಡಲೇ ಕೆಲವರು ಮಾತು ನಿಲ್ಲಿಸಿಬಿಡುತ್ತಾರೆ, ತಮ್ಮ ಮನಸ್ಸನ್ನು ಓದಿಬಿಡುತ್ತೇನೋ ಎಂಬ ಅಂಜಿಕೆಯಿಂದ. ಉಳಿದವರು ತಮ್ಮ ಕನಸು ಹೇಳುತ್ತಾರೆ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ, ಅರ್ಜಿಗೆ ಸಹಿ ಹಾಕಿಸಿಕೊಳ್ಳುವ ನೆಪದಲ್ಲಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನಾನು ಕೇಳಿದ ಕನಸುಗಳಿಗೆ ಲೆಕ್ಕವಿಲ್ಲ. ಕನಸು ಎಷ್ಟೇ ಚಿತ್ರವಿಚಿತ್ರವಾಗಿರಲಿ, ಕೊನೆಗೆ ಬರುವ ಪ್ರಶ್ನೆ ಮಾತ್ರ ಒಂದೇ: “ಅವರು ನನ್ನ ಕನಸಿನಲ್ಲಿ ಬಂದಿದ್ದರು. ಹಾಗಾದರೆ ನನಗೆ ಅವರ ಮೇಲೆ ಪ್ರೀತಿ ಇದೆಯೇ?” ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಎನ್ನುವ ಜನ ನಾವು. ಹಾಗಾಗಿ ಕೆಲವರು ಇದನ್ನೇ ತಿರುಗಿಸಿಯೂ ಕೇಳುತ್ತಾರೆ: “ಅವರು ನನ್ನನ್ನು ನೆನೆಯುತ್ತಿರುವುದಕ್ಕೇ ಬಂದರೇ?”

ಕೇಳುವವರೆಲ್ಲ ಹದಿಹರೆಯದವರೇನೂ ಅಲ್ಲ. ನಿಶ್ಚಿತಾರ್ಥ ಮುಗಿದ ಹುಡುಗಿಯರು, ಮಕ್ಕಳನ್ನು ಶಾಲೆಗೆ ಬಿಟ್ಟು ಬಂದ ತಾಯಂದಿರು, ನಿವೃತ್ತಿಯ ಅಂಚಿನಲ್ಲಿರುವ ಗಂಡಸರು. ಗಂಡಸರು ಈ ಕನಸು ತಮ್ಮ ಸ್ನೇಹಿತನೊಬ್ಬನಿಗೆ ಬಿದ್ದಿದ್ದು ಎಂದೇ ಶುರು ಮಾಡುತ್ತಾರೆ. ಆ ಸ್ನೇಹಿತ ಹೊದ್ದಿದ್ದ ಕಂಬಳಿಯ ಬಣ್ಣವೂ ಇವರಿಗೆ ನೆನಪಿರುತ್ತದೆ.

ಮೊದಲು ಕನಸು ಬೀಳುವ ಯಂತ್ರದ ವಿಚಾರ ಮುಗಿಸಿಬಿಡುತ್ತೇನೆ. 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥೇನಿಯಲ್ ಕ್ಲೀಟ್‌ಮನ್ ಎಂಬ ಇಬ್ಬರು, ನಿದ್ರೆಯ ನಡುವೆ ಮುಚ್ಚಿದ ರೆಪ್ಪೆಯ ಅಡಿಯಲ್ಲಿ ಕಣ್ಣುಗಳು ಸರಸರನೆ ಓಡಾಡುವ ಹೊತ್ತೊಂದು ಇದೆ ಎಂದು ತೋರಿಸಿದರು. ಆ ಹೊತ್ತಿನಲ್ಲಿ ಎಬ್ಬಿಸಿದರೆ ಬಹಳಷ್ಟು ಸಲ ಜನ ಕನಸು ಹೇಳುತ್ತಾರೆ. ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಈ ಹಂತ ಮರಳಿ ಬರುತ್ತದೆ, ರಾತ್ರಿ ಕಳೆದಂತೆ ಉದ್ದವಾಗುತ್ತ ಹೋಗುತ್ತದೆ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಅದರಲ್ಲಿ ಅರ್ಧ ಸತ್ಯವಿದೆ: ಜಾವದ ಕನಸು ಉದ್ದವಾಗಿರುತ್ತದೆ, ಎಚ್ಚರಕ್ಕೆ ಹತ್ತಿರವಿರುವುದರಿಂದ ನೆನಪಿನಲ್ಲಿಯೂ ಉಳಿಯುತ್ತದೆ. ನಿಜವಾಗುವುದು ಬಿಡುವುದು ಬೇರೆ ಮಾತು. ಈ ಹಂತದಲ್ಲಿ ಮಿದುಳಿನ ಭಾವನೆಯ ಭಾಗಗಳು ಚುರುಕಾಗಿರುತ್ತವೆ, ಹಣೆಯ ಹಿಂದಿನ ತರ್ಕದ ಭಾಗ ಮಂಕಾಗಿರುತ್ತದೆ. ಸತ್ತ ಸೋದರಮಾವ ಬಸ್ಸಿನ ಕಂಡಕ್ಟರಾಗಿ ಬಂದು ಚಿಲ್ಲರೆ ಕೇಳಿದರೂ ನಾವು ತಕರಾರಿಲ್ಲದೆ ಪರ್ಸು ತಡಕುವುದು ಅದಕ್ಕೇ.

ಇನ್ನು ಯಾರು ಬರುತ್ತಾರೆ ಎಂಬುದು. ಇದಕ್ಕೆ ಸಂಬಂಧಿಸಿ ನನಗೆ ಬಹಳ ಇಷ್ಟವಾದ ಪ್ರಯೋಗವೊಂದಿದೆ, 2004ರಲ್ಲಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ಮಲಗುವ ಮುನ್ನ ಪರಿಚಯದ ಒಬ್ಬ ವ್ಯಕ್ತಿಯನ್ನು ಆರಿಸಿಕೊಂಡು, ಐದು ನಿಮಿಷ ಮನಸ್ಸಿಗೆ ಬಂದದ್ದನ್ನು ಬರೆಯಲು ಹೇಳಿದರು. ಕೆಲವರಿಗೆ ಆ ವ್ಯಕ್ತಿಯ ಬಗ್ಗೆಯೇ ಯೋಚಿಸಿ ಎಂದರು, ಕೆಲವರಿಗೆ ಯೋಚಿಸಲೇ ಕೂಡದು ಎಂದರು. ಯೋಚಿಸಬಾರದೆಂದು ಹಟ ಹಿಡಿದವರ ಕನಸಿಗೇ ಆ ವ್ಯಕ್ತಿ ಹೆಚ್ಚಾಗಿ ಬಂದದ್ದು. ಆರಿಸಿಕೊಂಡ ವ್ಯಕ್ತಿಯ ಮೇಲೆ ಆಕರ್ಷಣೆ ಇತ್ತೋ ಇಲ್ಲವೋ ಎಂಬುದರಿಂದ ಈ ಫಲಿತಾಂಶ ಬದಲಾಗಲಿಲ್ಲ. ಅಂದರೆ, ಮನಸ್ಸಿಟ್ಟು ಮರೆಯಲು ಹೊರಟರೆ ಎದುರುಮನೆಯ ಲೆಕ್ಕಪರಿಶೋಧಕರೂ ರಾತ್ರಿ ಬಂದು ಕೂರಬಹುದು. ನಿಶ್ಚಿತಾರ್ಥವಾದ ಹುಡುಗಿಯ ಕನಸಿನಲ್ಲಿ ಹಳೆಯ ಸಹಪಾಠಿ ಬಂದರೆ, ‘ಇನ್ನು ಅವನ ನೆನಪು ತಪ್ಪು’ ಎಂದು ಅವಳು ಹಗಲೆಲ್ಲ ತನಗೇ ಹೇಳಿಕೊಂಡಿದ್ದರ ಫಲವೂ ಅದಾಗಿರಬಹುದು. ಇಷ್ಟು ಹೇಳಿದರೆ ಅರ್ಧ ಜನ ಸಮಾಧಾನದಿಂದ ಎದ್ದು ಹೋಗುತ್ತಾರೆ.

ಉಳಿದರ್ಧ ಹೋಗುವುದಿಲ್ಲ. “ಬಂದದ್ದಷ್ಟೇ ಅಲ್ಲ ಮೇಡಂ, ಎದ್ದಾಗ ಎದೆ ತುಂಬಿತ್ತು” ಎನ್ನುತ್ತಾರೆ. ಅದು ನನಗೂ ಗೊತ್ತು. ನಮ್ಮ ಕಾಲೇಜಿನ ಫೀಸು ಕೌಂಟರಿನಲ್ಲಿ ಒಬ್ಬ ಗುಮಾಸ್ತರಿದ್ದರು. ನಮ್ಮಿಬ್ಬರ ನಡುವೆ ರಸೀದಿ, ಸಹಿ, ನಮಸ್ಕಾರ ಬಿಟ್ಟು ಬೇರೆ ಮಾತಿರಲಿಲ್ಲ. ಒಂದು ಕನಸಿನಲ್ಲಿ ಅವರು ನನ್ನ ಅಜ್ಜಿಯ ಮನೆಯ ಅಂಗಳದಲ್ಲಿ ಕೂತು, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಹಲಸಿನ ತೊಳೆ ಬಿಡಿಸುತ್ತಿದ್ದರು. ನನ್ನ ಬೆರಳಿಗೆ ಮೇಣ ಅಂಟಿತ್ತು. ಅವರು ಏನೂ ಮಾತನಾಡದೆ ಎಣ್ಣೆಯ ಬಟ್ಟಲನ್ನು ನನ್ನ ಕಡೆ ಸರಿಸಿದರು. ಅಷ್ಟೇ ಕನಸು. ಎಚ್ಚರವಾದಾಗ ಎಂಥ ಮಮತೆ ಉಕ್ಕಿತೆಂದರೆ, ಆ ಬೆಳಿಗ್ಗೆ ಕಾಫಿ ಕುಡಿದು ಮುಗಿಯುವವರೆಗೂ ಆ ಮನುಷ್ಯನಿಗಾಗಿ ಪ್ರಾಣ ಕೊಡಲೂ ಸಿದ್ಧಳಿದ್ದೆ. ಕಾಫಿಯ ಜೊತೆಗೆ ಅದೂ ಮುಗಿಯಿತು.

ಆ ಮಮತೆ ಸುಳ್ಳೇ? ಅಲ್ಲ. ಅದು ಅಜ್ಜಿಯ ಅಂಗಳಕ್ಕೆ, ಆ ಬೇಸಿಗೆಗೆ, ಕೇಳದೆಯೇ ಬಟ್ಟಲು ಸರಿಸುತ್ತಿದ್ದ ಯಾವುದೋ ಕೈಗೆ ಸೇರಿದ್ದು. ಗುಮಾಸ್ತರ ಮುಖ ಕಣ್ಣಿಗೆ ಹೊಸದಾಗಿತ್ತು, ಸುಲಭವಾಗಿ ಸಿಕ್ಕಿತು, ಹಾಗಾಗಿ ಅವರು ಆ ಪಾತ್ರಕ್ಕೆ ಬಂದರು. ಇಲ್ಲಿ ನನ್ನ ಉತ್ತರದ ಮುಖ್ಯ ಭಾಗ ಬರುತ್ತದೆ. ಕನಸಿನಲ್ಲಿ ಅವರು ಮಾಡಿದ್ದೆಲ್ಲ ನಾನೇ ಮಾಡಿಸಿದ್ದು. ಕನಸಿನ ಪ್ರಿಯಕರ ಆಡುವ ಪ್ರತಿ ಮಾತನ್ನೂ ಬರೆದುಕೊಟ್ಟವರು ನಾವೇ. ಅವನು ನಮ್ಮನ್ನು ಕ್ಷಮಿಸಿದರೆ ಆ ಕ್ಷಮೆ ನಮ್ಮದು, ಬಿಟ್ಟುಹೋದರೆ ಆ ಭಯ ನಮ್ಮದು. ಹೀಗಾಗಿ ಕನಸಿನಿಂದ ನನ್ನ ಹಸಿವು ಏನೆಂದು ಸ್ವಲ್ಪ ಮಟ್ಟಿಗೆ ತಿಳಿಯಬಹುದು. ಎದುರಿನವರ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ. ಪ್ರೀತಿ ಎಂದು ನಾನು ಕರೆಯುವುದಕ್ಕೆ ಎದುರಿನವರು ಬೇಕೇ ಬೇಕು, ನಾನು ಬರೆದುಕೊಡಲಾಗದ ಮಾತನ್ನು ಆಡುವ ಒಬ್ಬರು.

ನನ್ನ ಅಮ್ಮ ತೀರಿಕೊಂಡ ದಿನ ಬಂದವರೆಲ್ಲ ಹೇಳಬೇಕಾದ್ದನ್ನೇ ಹೇಳಿದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ನನ್ನ ಗಂಡ ಬಂದು ಪಕ್ಕದಲ್ಲಿ ಕೂತು, “ಮೊನ್ನೆ ಅವರ ಔಷಧಿ ತರಲು ತಡ ಮಾಡಿದ್ದೆ. ಬೈಯುತ್ತೇನೆ ಬಾ ಎಂದಿದ್ದರು. ಆ ಬೈಗುಳ ಬಾಕಿ ಉಳಿಯಿತು” ಎಂದರು. ನಾನು ಆ ದೃಶ್ಯ ಬರೆದಿದ್ದರೆ ಅವರ ಬಾಯಲ್ಲಿ ಸಾಂತ್ವನದ ಮಾತು ಇಡುತ್ತಿದ್ದೆ. ಅವರಿಗೂ ನನ್ನ ಅಮ್ಮನಿಗೂ ನಡುವೆ ನಾನಿಲ್ಲದ ಒಂದು ಲೆಕ್ಕ ಇತ್ತೆಂಬುದು ಅಂದೇ ನನಗೆ ಗೊತ್ತಾದದ್ದು. ಅಮ್ಮ ಹೋದ ಮೇಲೆ ನಾನು ಮೊದಲ ಸಲ ಅತ್ತದ್ದೂ ಆಗಲೇ.

“ಆದರೆ ಕನಸಿನವರೂ ನಾವು ಎಣಿಸದ ಮಾತು ಆಡುತ್ತಾರಲ್ಲ?” ಎಂದು ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಬರೆಯುವಾಗ ನಮಗೇ ತಿಳಿಯದಂತೆ ಬರೆಯುತ್ತೇವೆ, ಅದಕ್ಕೇ ಓದುವಾಗ ಅಚ್ಚರಿ ಎಂದೆ. ಅವನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ನಿಜ ಹೇಳಬೇಕೆಂದರೆ, ಅಕ್ಕಮಹಾದೇವಿಯ ಕನಸಿನ ವಚನದ ಮುಂದೆ ನನಗೂ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಅಕ್ಕಿ, ಅಡಕೆ, ಓಲೆ, ತೆಂಗಿನಕಾಯಿ ಎಂದು ಮದುವೆ ಮನೆಯ ಸಾಮಾನಿನಿಂದ ಆ ಕನಸು ಶುರುವಾಗುತ್ತದೆ. ಆಮೇಲೆ ಚಿಕ್ಕ ಚಿಕ್ಕ ಜಡೆಗಳ, ಹೊಳೆಯುವ ಹಲ್ಲಿನ ಗೊರವನೊಬ್ಬ ಭಿಕ್ಷೆಗೆ ಬರುತ್ತಾನೆ. ಬಂದವನು ನಿಲ್ಲುವುದಿಲ್ಲ, ಎಲ್ಲವನ್ನೂ ಮೀರಿ ನಡೆದುಬಿಡುತ್ತಾನೆ. ಅವಳೇ ಬೆನ್ನು ಹತ್ತಿ ಹೋಗಿ ಕೈ ಹಿಡಿಯಬೇಕು. ಕನಸು ಕಂಡವಳ ಮಾತು ಕೇಳದ ಕನಸಿನ ಮನುಷ್ಯ ಅವನು. ಪಠ್ಯಪುಸ್ತಕ ಹಿಡಿದು ಆ ಮನೆಯ ಬಾಗಿಲಿಗೆ ನಾನು ಹೋಗುವುದಿಲ್ಲ.

ಉಷೆಯ ಕನಸಾದರೆ ನನಗೆ ನಿಲುಕುತ್ತದೆ. ಯಕ್ಷಗಾನದಲ್ಲಿ ಈ ಪ್ರಸಂಗ ನೋಡಿದವರಿಗೆ ಕಥೆ ಗೊತ್ತು: ಬಾಣಾಸುರನ ಮಗಳು ಕನಸಿನಲ್ಲಿ ಒಬ್ಬ ಚೆಲುವನನ್ನು ಕಂಡು, ಎದ್ದು, ಅವನೇ ಬೇಕು ಎನ್ನುತ್ತಾಳೆ. ಗೆಳತಿ ಚಿತ್ರಲೇಖೆ ದೇವ, ಗಂಧರ್ವ, ಮನುಷ್ಯರ ಚಿತ್ರಗಳನ್ನು ಒಂದೊಂದಾಗಿ ಬರೆದು ತೋರಿಸುತ್ತಾಳೆ. ಕೃಷ್ಣನ ಮೊಮ್ಮಗ ಅನಿರುದ್ಧನ ಚಿತ್ರ ಬಂದಾಗ ಉಷೆ ನಾಚಿ ತಲೆ ತಗ್ಗಿಸುತ್ತಾಳೆ. ಚಿತ್ರಲೇಖೆ ದ್ವಾರಕೆಗೆ ಹೋಗಿ, ಮಲಗಿದ್ದ ಅನಿರುದ್ಧನನ್ನು ಹಾಗೆಯೇ ಎತ್ತಿಕೊಂಡು ಬರುತ್ತಾಳೆ. ಎಲ್ಲರೂ ಇದನ್ನು ಕನಸು ನಿಜವಾದ ಪ್ರೇಮಕಥೆ ಎಂದು ಸವಿಯುತ್ತಾರೆ. ನನಗೆ ಮಾತ್ರ ಅನಿರುದ್ಧನದೇ ಯೋಚನೆ. ತನ್ನ ಮನೆಯಲ್ಲಿ ಮಲಗಿ ಶೋಣಿತಪುರದಲ್ಲಿ ಕಣ್ಣು ಬಿಟ್ಟವನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಬಾಣನ ಸಾವಿರ ತೋಳುಗಳಲ್ಲಿ ಹೆಚ್ಚಿನವು ಕತ್ತರಿಸಿ ಬಿದ್ದ ಯುದ್ಧವೇ ನಡೆದುಹೋಯಿತು. ಅವನ ಅದೃಷ್ಟ, ಉಷೆಯ ಅದೃಷ್ಟ, ಅವನಿಗೂ ಅವಳು ಇಷ್ಟವಾದಳು. ಕನಸಿನ ಆಧಾರದ ಮೇಲೆ ಫೋನ್ ನಂಬರ್ ಹುಡುಕುವವರಿಗೆ ನಾನು ಈ ಕಥೆಯನ್ನು ಅನಿರುದ್ಧನ ಕಡೆಯಿಂದ ಹೇಳುತ್ತೇನೆ.

ಇದಕ್ಕಿಂತ ಹೆಚ್ಚು ಬರುವ ದೂರು ಮದುವೆಯಾದವರದು. ಗಂಡ ಬೇರೆಯವಳ ಜೊತೆ ಇದ್ದಂತೆ ಕನಸು ಬಿತ್ತು, ಅವರೇನೂ ಮಾಡಿಲ್ಲ ಎಂದು ಗೊತ್ತು, ಆದರೂ ಬೆಳಿಗ್ಗೆ ಮಾತನಾಡಿಸಲು ಮನಸ್ಸಿಲ್ಲ. ಇದು ಕೇವಲ ನಮ್ಮ ಬೀದಿಯ ಕಥೆಯಲ್ಲ. ಸಂಗಾತಿಯ ದ್ರೋಹದ ಕನಸು ಕಂಡ ನಂತರ ಜನ ಸಂಗಾತಿಯೊಂದಿಗೆ ಅಷ್ಟು ಹತ್ತಿರವಾಗಿರುವುದಿಲ್ಲ ಎಂಬುದನ್ನು ಅಮೆರಿಕದಲ್ಲಿ ದಿನಚರಿ ಬರೆಸಿ ನಡೆಸಿದ, 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಪಾಪ, ಉಪ್ಪಿಟ್ಟಿಗೆ ಉಪ್ಪು ಯಾಕೆ ಹೆಚ್ಚಾಯಿತೆಂದು ಆ ಮನುಷ್ಯನಿಗೆ ತಿಳಿಯುವುದೇ ಇಲ್ಲ.

ಇಂಥವರಿಗೆ ಹೇಳಲು ನನ್ನ ಬಳಿ ಒಂದು ದೃಶ್ಯವಿದೆ. ಭಾಸನ ‘ಸ್ವಪ್ನವಾಸವದತ್ತ’ದ ಐದನೆಯ ಅಂಕ. ಶತಮಾನಗಳ ಕಾಲ ಹೆಚ್ಚಾಗಿ ಹೆಸರಷ್ಟೇ ಉಳಿದಿದ್ದ ಈ ನಾಟಕ, ಟಿ. ಗಣಪತಿ ಶಾಸ್ತ್ರಿಗಳಿಗೆ ಕೇರಳದ ಕಡೆ ಸಿಕ್ಕ ತಾಳೆಗರಿಗಳಿಂದ 1912ರಲ್ಲಿ ಅಚ್ಚಾಯಿತು. ರಾಜ ಉದಯನ ತನ್ನ ಹೆಂಡತಿ ವಾಸವದತ್ತೆ ಬೆಂಕಿಯಲ್ಲಿ ಸತ್ತಳೆಂದು ನಂಬಿದ್ದಾನೆ. ಕಳೆದುಹೋದ ರಾಜ್ಯ ಮರಳಿ ಸಿಗಲೆಂದು ಮಂತ್ರಿ ಹಬ್ಬಿಸಿದ ಸುಳ್ಳು ಅದು. ರಾಜನಿಗೆ ಮಗಧದ ಪದ್ಮಾವತಿಯೊಡನೆ ಮರುಮದುವೆಯೂ ಆಗಿದೆ. ವಾಸವದತ್ತೆ ವೇಷ ಮರೆಸಿಕೊಂಡು ಆ ಪದ್ಮಾವತಿಯ ಬಳಿಯಲ್ಲೇ ಇದ್ದಾಳೆ. ತಲೆನೋವೆಂದು ಪದ್ಮಾವತಿ ಮಲಗಿದ್ದಾಳೆ ಎಂದುಕೊಂಡು, ಮಬ್ಬುಗತ್ತಲಲ್ಲಿ ಹಾಸಿಗೆಯ ಪಕ್ಕಕ್ಕೆ ಬರುತ್ತಾಳೆ. ಮಲಗಿದ್ದವನು ಉದಯನ. ನಿದ್ದೆಯಲ್ಲೇ ಅವನು “ಹಾ ವಾಸವದತ್ತೆ” ಎನ್ನುತ್ತಾನೆ. ಕೋಪವೇ ಎಂದು ಕೇಳುತ್ತಾನೆ. ಇಲ್ಲ, ದುಃಖ ಎಂದು ಅವಳು ಉತ್ತರಿಸುತ್ತಾಳೆ. ವಿರಚಿಕೆ ಎಂಬ ಇನ್ನೊಬ್ಬಳ ನೆನಪಾಯಿತೇ ಎಂದು ಅವನು ಕನಸಿನಲ್ಲೇ ಕೇಳಿದಾಗ, ‘ಇಲ್ಲಿಯೂ ಅವಳೇ!’ ಎಂದು ಸಿಡುಕುತ್ತಾಳೆ. ಸತ್ತವಳೆಂದು ಊರಿಗೆಲ್ಲ ತೋರಿಸಿಕೊಂಡವಳು, ಸಿಕ್ಕಿಬಿದ್ದರೆ ಇಡೀ ಉಪಾಯ ಹಾಳಾಗುತ್ತದೆ, ಆದರೂ ಸವತಿಯ ಹೆಸರಿಗೆ ಸಿಟ್ಟು ತಡೆಯಲಾಗಲಿಲ್ಲ. ಎಂಥ ನಾಟಕಕಾರ!

ಯಾರಾದರೂ ನೋಡಿಬಿಟ್ಟಾರೆಂದು ಅವಳು ಹೊರಡುತ್ತಾಳೆ. ಹೊರಡುವ ಮುನ್ನ, ಹಾಸಿಗೆಯಿಂದ ಕೆಳಗೆ ಜೋತುಬಿದ್ದಿದ್ದ ಅವನ ಕೈಯನ್ನು ಎತ್ತಿ ಮೇಲಿಟ್ಟು ಹೋಗುತ್ತಾಳೆ. ಉದಯನ ಕನಸಿನಲ್ಲಿ ಕೇಳಿದ್ದು ಕ್ಷಮೆ. ಸಿಕ್ಕಿದ್ದು ಸಿಡುಕು, ಮತ್ತು ತಾನು ಕೇಳಿಯೇ ಇರದ ಆ ಉಪಚಾರ. ಎರಡೂ ಅವನ ಕನಸಿನ ಹೊರಗಿನಿಂದ ಬಂದವು. ಎದ್ದವನು ಓಡಿಹೋಗುವ ಅವಳನ್ನು ಕಂಡೆ ಎಂದರೆ, ಅದು ಕನಸು ಎಂದು ವಿದೂಷಕ ಸಾಧಿಸುತ್ತಾನೆ. ಆ ದೃಶ್ಯವನ್ನು ಪ್ರತಿ ಸಲ ಓದುವಾಗಲೂ ಮನಃಶಾಸ್ತ್ರದವಳಾದ ನನ್ನ ಜಾಗ ವಿದೂಷಕನ ಪಕ್ಕದಲ್ಲಿ, ಮನಸ್ಸೆಲ್ಲ ಉದಯನನ ಕಡೆ.

ಇಷ್ಟೆಲ್ಲ ಕೇಳಿದ ಮೇಲೂ ಕೊನೆಯಲ್ಲಿ ಒಂದು ಉಪಪ್ರಶ್ನೆ ಬರುತ್ತದೆ: “ಹಾಗಾದರೆ ಕನಸಿನ ವಿಷಯ ಅವರಿಗೆ ಹೇಳಲೇ?” ಬೇಡ ಎನ್ನುತ್ತೇನೆ. ಹೇಳಿದರೆ ಅವರು ನಿಮ್ಮ ಕನಸಿಗೆ ಜವಾಬ್ದಾರರಾಗುತ್ತಾರೆ, ಅದು ಅನ್ಯಾಯ. ಅಷ್ಟು ಕುತೂಹಲವಿದ್ದರೆ ಒಂದು ಕಾಫಿ ಕುಡಿಯಿರಿ, ಅವರ ಪಾಡು ಏನೆಂದು ಕೇಳಿ, ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಅಂತಿಮ ವರ್ಷದ ಹುಡುಗಿಯೊಬ್ಬಳು ಹಾಗೆಯೇ ಮಾಡಿದಳು. ಕನಸಿನಲ್ಲಿ ಅವನು ಸಮುದ್ರದ ದಂಡೆಯಲ್ಲಿ ಮೌನವಾಗಿ ನಡೆಯುತ್ತಿದ್ದನಂತೆ. ಮುಂದಿನ ವಾರ ಬಂದು ವರದಿ ಒಪ್ಪಿಸಿದಳು: “ಎರಡು ಗಂಟೆ ಅಡಿಕೆ ಧಾರಣೆಯ ಬಗ್ಗೆ ಮಾತನಾಡಿದ ಮೇಡಂ. ಕೊಳೆರೋಗ, ಔಷಧಿ ಸಿಂಪಡಣೆ, ಅವನ ಅಪ್ಪನ ಸಾಲ. ಶನಿವಾರ ಮತ್ತೆ ಸಿಗುತ್ತಿದ್ದೇವೆ, ಸಾಲದ ಕಥೆ ಅರ್ಧಕ್ಕೆ ನಿಂತಿದೆ.”